ಮೈ ಒದರದ ಮರಿ

ನವೆಂಬರ್ 6, ಬುಧವಾರ

ಈ ಪುಟದಲ್ಲಿ ಸೋಮನಹಳ್ಳಿಯವರ ಬೀಗರ ಊಟ ಇರಬೇಕಾಗಿತ್ತು. ಮರಿ ಎಷ್ಟು, ನಾಟಿಕೋಳಿ ಎಷ್ಟು, ಮುದ್ದೆ ಕಟ್ಟಲು ಯಾರು ಯಾರು ಎಂದೆಲ್ಲ ಬರೆದಿಟ್ಟಿದ್ದೆ. ಅದಕ್ಕೆ ಅಡ್ಡಗೆರೆ ಎಳೆದು ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಾಯಿತು. ಮಸಾಲೆ ಅಂಗಡಿಯವರು ವರ್ಷಕ್ಕೊಂದು ಕೊಡುವ ಈ ಡೈರಿಯಲ್ಲಿ ಬಾಡೂಟದ ಆರ್ಡರು ಬಿಟ್ಟು ಬೇರೇನೂ ಬರೆದವನಲ್ಲ ನಾನು. ಇವತ್ತು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳಹೊರಟರೆ ವಾಂತಿಯಾದೀತು ಅನ್ನಿಸುತ್ತಿದೆ.

ಸೋಮವಾರ ನನ್ನ ಮಗಳು ಗಗನ ಕೈ ಕುಯ್ದುಕೊಂಡಳು. ಹದಿನೇಳು ವರ್ಷದ ಹುಡುಗಿ, ಎರಡನೇ ಪಿಯುಸಿ. ಕಾಲೇಜಿನಿಂದ ಬೇಗ ಬಂದು ಬಚ್ಚಲುಮನೆ ಸೇರಿದವಳು ಬಾಗಿಲು ತೆಗೆಯಲಿಲ್ಲ. ನನ್ನ ಹೆಂಡತಿ ಕವಿತ ಬಡಿದು ಬಡಿದು ಸಾಕಾಗಿ ನನ್ನನ್ನು ಕೂಗಿದಳು. ನಾನು ಚಿಲಕ ಮುರಿದೆ. ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ಆಳವಿಲ್ಲ, ಹೆದರಬೇಡಿ ಎಂದರು. ಆಮೇಲೆ ಅವಳ ಅಂಗಿಯ ತೋಳನ್ನು ಇನ್ನಷ್ಟು ಮೇಲಕ್ಕೆ ಸರಿಸಿ, "ಇದು ಮೊದಲನೇ ಸಲ ಅಲ್ಲ, ಅಲ್ವಾಮ್ಮ?" ಎಂದರು. ಹಳೆಯ ಗುರುತುಗಳಿದ್ದವು. ನಮ್ಮ ಕಣ್ಣಮುಂದೆಯೇ ಓಡಾಡಿಕೊಂಡಿದ್ದ ಕೈ ಅದು. ಉದ್ದ ತೋಳಿನ ಚೂಡಿದಾರ ಇಷ್ಟ ಎಂದು ಅವಳು ಹೇಳಿದ್ದನ್ನು ನಂಬಿ ನಾನೇ ಮದ್ದೂರಿನ ಅಂಗಡಿ ಅಂಗಡಿ ಸುತ್ತಿ ತಂದುಕೊಟ್ಟಿದ್ದೆ.

"ಸಾಯೋಕೆ ಅಂತ ಮಾಡಿಕೊಂಡದ್ದಲ್ಲ ಅಂತಿದ್ದಾಳೆ. ಹಾಗಂತ ನೀವು ಹಗುರವಾಗಿ ತಗೋಬೇಡಿ" ಎಂದರು ಡಾಕ್ಟರು.

ಸಾಯುವುದಕ್ಕಲ್ಲ ಎಂದರೆ ಮತ್ತೆ ಯಾತಕ್ಕೆ?

ಮೀಸೆ ಬರುವ ಮುಂಚಿನಿಂದ ಬಾಡು ಬೇಯಿಸಿದವನು ನಾನು. ಕುರಿಯ ತಲೆ ಸುಟ್ಟು ಕೆರೆದಿದ್ದೇನೆ, ಕರುಳಿನ ಬೋಟಿಯನ್ನು ಒಳಹೊರಗು ಮಾಡಿ ಸುಣ್ಣ ಹಾಕಿ ತೊಳೆದಿದ್ದೇನೆ, ಕೈ ಒರೆಸಿಕೊಂಡು ಅಲ್ಲೇ ಕೂತು ಉಪ್ಪಿಟ್ಟು ತಿಂದಿದ್ದೇನೆ. ನಮ್ಮ ಕಸುಬಿನವರಿಗೆ ಹೇಸಿಗೆ ಅನ್ನುವುದೇ ಇಲ್ಲ ಎಂದು ಹುಡುಗರ ಮುಂದೆ ಜಂಬ ಕೊಚ್ಚುತ್ತಿದ್ದೆ. ಮಗಳ ಕೈ ನೋಡಿ ಹೊಟ್ಟೆ ತೊಳೆಸಿತು. ಭಯವೂ ಅಲ್ಲ, ಕನಿಕರವೂ ಅಲ್ಲ. ಹೇಸಿಗೆ. ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತು ಉಗಿದೆ. ಗಾಡಿಯವನು, "ಯಾಕಣ್ಣ, ಉಸಾರಿಲ್ವಾ?" ಎಂದು ಒಂದು ಲೋಟ ಕೊಡಲು ಬಂದ. ಆ ಸಿಹಿ ವಾಸನೆಗೆ ಇನ್ನೊಂದು ಸಲ ವಾಕರಿಕೆ ಬಂತು.

ಇವತ್ತು ಗಾಯದ ಪಟ್ಟಿ ಬದಲಾಯಿಸುವಾಗ ಕವಿತ, "ಕೈ ಇಡ್ಕಳಿ ಒಸಿ" ಎಂದಳು. ನನಗೆ ಗೋಡೆಯ ಕ್ಯಾಲೆಂಡರು ನೋಡುವುದಿತ್ತು.

"ಬೋಟಿ ತೊಳ್ಯಕೆ ಹೇಸ್ದೆ ಇರೋ ಮನ್ಸ, ಮಗಳ್ ಕೈ ಇಡ್ಕಳಕೆ ಹೇಸ್ತೀರಲ್ಲ" ಎಂದಳು. ಗಗನ ಅಲ್ಲೇ ಇದ್ದಳು.

ನವೆಂಬರ್ 8, ಶುಕ್ರವಾರ

ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿ ಚಿಕ್ಕಣ್ಣನಿಗೆ ಮಾತ್ರ ಹೇಳಿದೆ. ಮಳವಳ್ಳಿಯಲ್ಲಿರುವ ಒಡಹುಟ್ಟಿದ ಅಣ್ಣ, ಹೇಳದಿದ್ದರೆ ಹೇಗೆ? ಅಣ್ಣನಿಗೆ ಹೇಳಿದ್ದು ಹೊಂಬಾಳಮ್ಮ ಅತ್ತಿಗೆಗೂ ಹೇಳಿದ ಹಾಗೆ, ಅತ್ತಿಗೆಗೆ ಹೇಳಿದ್ದು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮೈಕು ಕಟ್ಟಿಸಿದ ಹಾಗೆ. ನಿನ್ನೆಯಿಂದ ಜನ ಬರುತ್ತಿದ್ದಾರೆ. ಎಲ್ಲರ ಕೈಯಲ್ಲೂ ಬ್ರೆಡ್ಡು, ಸೇಬು, ಮೂಸಂಬಿ, ಬಾಳೆಹಣ್ಣು. ಬಾಣಂತಿ ನೋಡಲು ಬಂದವರ ಹಾಗೆ. ಬಾಳೆಹಣ್ಣು ಆಗಲೇ ಕಪ್ಪಾಗಿ ನೊಣ ಮುತ್ತಿವೆ.

ಅತ್ತಿಗೆ ಚಪ್ಪಲಿ ಬಿಡುತ್ತಲೇ ಶುರು ಮಾಡಿದರು. "ಎಲ್ಲಿ ಕೂಸೆ, ತೋರ್ಸು ಒಸಿ." ಕೇಳಿದ್ದು ಲೆಕ್ಕಕ್ಕೆ, ಅಷ್ಟರಲ್ಲಿ ತೋಳು ಎತ್ತಿಯಾಗಿತ್ತು. "ಅಯ್ಯೋ ಸಿವ್ನೆ! ಚಿನ್ನದಂತ ಕೈಯ ಏನ್ ಮಾಡ್ಕಂಡಿದ್ದೀಯಮ್ಮಿ! ಆ ಕೈಲೂ ಅದಾ? ಕೊಡಿಲ್ಲಿ."

ಮದುವೆಮನೆಯಲ್ಲಿ ಹೆಣ್ಣಿನ ಬಳೆ ಹಿಡಿದು ಚಿನ್ನ ಎಷ್ಟು ಗಟ್ಟಿ ಎಂದು ನೋಡುತ್ತಾರಲ್ಲ, ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಗಗನ ಬಿಟ್ಟುಕೊಟ್ಟು ಕೂತಿದ್ದಳು, ಅದು ಯಾರದೋ ಕೈ ಎಂಬಂತೆ. ಆಮೇಲೆ ಅತ್ತಿಗೆ ಅಡುಗೆಮನೆಗೆ ಹೋಗಿ ಕವಿತಳ ಕಿವಿಯಲ್ಲಿ ಗುಟ್ಟು ಹೇಳಿದರು. ಅವರ ಗುಟ್ಟು ಬೀದಿಗೆ ಕೇಳುತ್ತದೆ.

"ಯಾವನೋ ಉಡ್ಗ ಇರ್ಬೇಕು ಕಣಮ್ಮಿ. ಫೋನ್ ಇಸ್ಕಂಡ್ ನೋಡು."

ಥೂ. ಕಾಫಿ ಲೋಟದ ಅಂಚಿಗೆ ಅವರ ಎಲೆಅಡಿಕೆಯ ಕೆಂಪು ಅಂಟಿತ್ತು. ಆ ಲೋಟವನ್ನು ತೊಳೆಯಲು ಬಿಡದೆ ಎಸೆದೆ.

ನವೆಂಬರ್ 11, ಸೋಮವಾರ

ಮಂಡ್ಯಕ್ಕೆ ಹೋಗಿದ್ದೆವು. ಆಪ್ತಸಮಾಲೋಚಕಿ ಅಂತೆ, ವನಜಾ ಎಂದು ಹೆಸರು. ಮೊದಲು ಗಗನಳ ಜೊತೆ ಒಬ್ಬರೇ ಮಾತಾಡಿ, ಆಮೇಲೆ ನಮ್ಮಿಬ್ಬರನ್ನೂ ಒಳಗೆ ಕರೆದರು. ಬೈಯಬೇಡಿ, ಅಳಬೇಡಿ, ಆಣೆ ಹಾಕಿಸಬೇಡಿ ಎಂದರು. ಕವಿತ ನನ್ನ ಮುಖ ನೋಡಿದಳು. ತಾಯಿಯ ತಲೆ ಮುಟ್ಟಿಸಿ ಆಣೆ ಹಾಕಿಸಿ ಆಗಲೇ ಮೂರು ದಿನವಾಗಿತ್ತು.

"ಮನೇಲಿ ಹರಿತವಾದದ್ದು ಏನಿದ್ರೂ ಅವಳ ಕೈಗೆ ಸಿಗದ ಹಾಗೆ ಇಡಿ" ಎಂದರು. ನಾನು ನಕ್ಕುಬಿಟ್ಟೆ. ನಮ್ಮ ಮನೆಯಲ್ಲಿ ಮಚ್ಚು, ಕತ್ತಿ, ಚೂರಿ ಗೋಣಿಚೀಲದಲ್ಲಿ ತುಂಬಿವೆ, ನನ್ನ ಅನ್ನ ಅವು ಎಂದೆ. ಅವರು ನಗಲಿಲ್ಲ.

ಆಮೇಲೆ ಗಗನಳ ಕಡೆ ತಿರುಗಿ, "ಆ ಸಂಕಟ ಬಂದಾಗ ಮಾಡಿಕೊಳ್ಳೋಕೆ ಮುಂಚೆ ಯಾರಿಗಾದ್ರೂ ಬಂದು ಹೇಳಬೇಕು ಅಂದೆನಲ್ಲ. ಯಾರಿಗೆ ಹೇಳ್ತೀಯ?" ಎಂದು ಕೇಳಿದರು.

"ಅಮ್ಮಂಗೆ."

"ಅಮ್ಮ ಮನೇಲಿ ಇಲ್ಲದಿದ್ರೆ ಅಪ್ಪಂಗೆ?"

"ಇಲ್ಲ."

"ಯಾಕೆ?"

ನೆಲ ನೋಡಿಕೊಂಡೇ ಹೇಳಿದಳು. "ಅಪ್ಪ ನನ್ನ ಮೋರಿ ನೋಡ್ದಂಗ್ ನೋಡ್ತದೆ."

ಗೋಡೆಯ ಮೇಲೆ ಫ್ಯಾನು ತಿರುಗುತ್ತಿತ್ತು. ನಾನು ಬಸ್ಸಿನ ಹೊತ್ತು ಕೇಳಿದೆ. ನಾವು ಬಂದಿದ್ದದ್ದು ನಮ್ಮದೇ ಟೆಂಪೋದಲ್ಲಿ.

ದಾರಿಯಲ್ಲಿ ಟೆಂಪೋದ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಎಲ್ಲರ ಮುಖದ ಹಾಗೇ ಇದೆ. ಒಂದು ಮೀಸೆ, ಎರಡು ಕಣ್ಣು. ಮೋರಿ ನೋಡುವವನ ಹಾಗೆ ಎಲ್ಲಿದೆ? ಹುಬ್ಬು ಸಡಿಲ ಬಿಟ್ಟು, ತುಟಿ ನೆಟ್ಟಗೆ ಮಾಡಿ, ಆಧಾರ್ ಕಾರ್ಡಿಗೆ ಫೋಟೋ ತೆಗೆಸುವವನಂತೆ ಮದ್ದೂರಿನವರೆಗೂ ಬಂದೆ. ಹಿಂದಿನವನು ಹಾರ್ನು ಹೊಡೆದು, "ನಿದ್ದೆ ಮಾಡ್ತಿದ್ದೀಯೇನ್ಲಾ?" ಎಂದು ಬೈದುಹೋದ.

ನವೆಂಬರ್ 14, ಗುರುವಾರ

ಕತ್ತಿಚೀಲ, ಈಳಿಗೆಮಣೆ, ಕತ್ತರಿ, ನನ್ನ ಬ್ಲೇಡು ಎಲ್ಲ ಪಾತ್ರೆಯ ಶೆಡ್ಡಿಗೆ ಹೋಗಿ ಬೀಗ ಬಿತ್ತು. ಕವಿತ ಸೊಪ್ಪನ್ನು ಕೈಯಲ್ಲೇ ಮುರಿಯುತ್ತಾಳೆ, ಈರುಳ್ಳಿಯನ್ನು ಗುಂಡುಕಲ್ಲಲ್ಲಿ ಗುದ್ದಿ ಸಾರಿಗೆ ಹಾಕುತ್ತಾಳೆ. ಈ ಸಾರನ್ನು ನಾಯಿಯೂ ಮೂಸುವುದಿಲ್ಲ.

ಮಧ್ಯಾಹ್ನ ಊಟದ ಹೊತ್ತಲ್ಲಿ ಗಗನ, "ಪಾಪ, ನಾನ್ ಮಾಡಿದ್ದಕ್ಕೆ ಈರುಳ್ಳಿ ಏಟ್ ತಿಂತಾವೆ" ಎಂದಳು. ಕವಿತ ಕಿಸಕ್ಕೆಂದಳು. ಇದರಲ್ಲಿ ನಗುವಂಥದ್ದು ಏನಿದೆ ಎಂದು ನಾನು ಸಿಡುಕಿದೆ. ಗಗನ ತಟ್ಟೆ ಬಿಟ್ಟು ಎದ್ದುಹೋದಳು. ಮುದ್ದೆಯಲ್ಲಿ ಅವಳ ಬೆರಳಿನ ಗುಳಿ ಹಾಗೇ ಇತ್ತು.

ನವೆಂಬರ್ 19, ಮಂಗಳವಾರ

ಚಿಕ್ಕಣ್ಣ ಬಂದಿದ್ದ. ಈ ಮನೆಗೆ ಬಂದವರಲ್ಲಿ ಕೈಬೀಸಿಕೊಂಡು ಬಂದವನು ಅವನೊಬ್ಬನೇ. ಬ್ರೆಡ್ಡಿಲ್ಲದ ಕೈ ನೋಡಿ ನೆಮ್ಮದಿಯಾಯಿತು.

"ಇದು ಡಾಕ್ಟ್ರು ಕೈಲಿ ಆಗೋ ಕೆಲ್ಸ ಅಲ್ಲ ಕಣ್ಲಾ. ಅಪ್ಪ ಸತ್ಮೇಲೆ ಪಟ್ಟಲದಮ್ಮಂಗೆ ನಾವು ಮರಿ ಬುಟ್ಟೇ ಇಲ್ಲ. ಮನೆದೇವ್ರ ಮರೆತ್ರೆ ಬುಟ್ಟಾಳಾ? ಕೂಸಿನ್ ಎಸ್ರಲ್ಲಿ ಒಂದ್ ಮರಿ ಕಡ್ದು ನೆಂಟ್ರಿಗೆ ಊಟ ಆಕು. ಎಲ್ಲಾ ಸರಿ ಓಯ್ತದೆ."

"ಡಾಕ್ಟ್ರು ಬ್ಯಾಡ ಅಂದ್ರೆ?"

"ಡಾಕ್ಟ್ರುನೂ ಕರಿ. ಒಂದ್ ಎಲೆ ಜಾಸ್ತಿ."

ನನಗೆ ಹಗುರವಾಯಿತು, ಈ ಹದಿನೈದು ದಿನದಲ್ಲಿ ಮೊದಲ ಸಲ ನನಗೆ ಗೊತ್ತಿರುವ ಕೆಲಸ ಕಣ್ಣಮುಂದೆ ಬಂದಿತ್ತು. ಅವನು ಹೋಗುವ ಮೊದಲೇ ಡೈರಿ ತೆಗೆದು ಸಾಮಾನು ಬರೆಯಲು ಶುರುಮಾಡಿದೆ. ಧನುರ್ಮಾಸ ಹಿಡಿಯುವ ಮುಂಚೆ, ಡಿಸೆಂಬರ್ ಹತ್ತು, ಮಂಗಳವಾರ. ಕೂಲಿ ಇಲ್ಲದೆ ನಾನೇ ಬೇಯಿಸುತ್ತೇನೆ. ಮಳವಳ್ಳಿ ಕಡೆಯವರು ಹತ್ತು ವರ್ಷ ನೆನೆಯಬೇಕು ಆ ಊಟವನ್ನು.

ಕವಿತ ಬಾಗಿಲಿಗೆ ಒರಗಿ ನಿಂತಿದ್ದಳು. "ಅವ್ಳು ಮುಚ್ಚಿಡಕೆ ನೋಡ್ತಾವ್ಳೆ. ನೀವು ಊರಿಗೆಲ್ಲ ಬಡುಸ್ತೀನಿ ಅಂತೀರಿ."

"ಬಡ್ಸೋದು ಬಾಡು ಕಣೆ. ವಿಸ್ಯ ಅಲ್ಲ."

"ಎರಡೂ ಒಂದೇ ಎಲೆ ಮೇಲ್ ಬೀಳ್ತದೆ."

ಗಗನಳನ್ನೂ ಕೇಳಿದೆ. "ನಿನ್ನಿಷ್ಟ" ಎಂದಳು. ಒಪ್ಪಿದಳಲ್ಲ, ಸಾಕು.

ನವೆಂಬರ್ 29, ಶುಕ್ರವಾರ

ಮರಿ ತಂದೆ. ಅಪ್ಪಟ ಬಂಡೂರು ತಳಿ, ಕುಳ್ಳಗೆ, ಬೆನ್ನು ಹಲಗೆಯ ಹಾಗೆ. ಗಗನ ಅದಕ್ಕೆ ಹಲಸಿನ ಸೊಪ್ಪು ತಿನ್ನಿಸುತ್ತಿದ್ದಳು. ಹಚ್ಚಿಕೊಳ್ಳಬೇಡ ಎಂದೆ.

ಡಿಸೆಂಬರ್ 11, ಬುಧವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಎರಡು ಸಲ ಮಿಂದರೂ ಮೈಯಿಂದ ಹಸಿಹೊಗೆಯ ನಾತ ಹೋಗಿಲ್ಲ.

ಬೆಳಗಿನಿಂದ ಎಲ್ಲ ಸರಿಯಾಗೇ ಇತ್ತು. ಮಳವಳ್ಳಿಯಾಚೆಯ ಪಟ್ಟಲದಮ್ಮನ ಗುಡಿಯ ಮುಂದೆ ಕಡಿಯುವ ಹಾಗಿಲ್ಲ, ಕಾನೂನು. ಅದಕ್ಕೆ ನಾಲೆಯ ಪಕ್ಕದ ಹೊಂಗೆ ತೋಪಿನಲ್ಲಿ ಒಲೆ ಹೂಡಿದ್ದೆ. ಮಸಾಲೆ ರುಬ್ಬಿಯಾಗಿತ್ತು, ಮುದ್ದೆಗೆ ಎಸರು ಕುದಿಯುತ್ತಿತ್ತು. ಊಟಕ್ಕೆಂದು ತಂದಿದ್ದ ಬೇರೆ ಮರಿಗಳೂ ಇದ್ದವು, ಆದರೆ ಹರಕೆಯ ಮರಿ ಮೊದಲು ಬೀಳಬೇಕು, ಆಮೇಲೆ ಉಳಿದವು. ನೆಂಟರು, ನೆಂಟರ ನೆಂಟರು, ದಾರಿಯಲ್ಲಿ ಹೊಗೆ ಕಂಡು ಗಾಡಿ ತಿರುಗಿಸಿದವರು, ತೋಪು ತುಂಬಿತ್ತು. ಗಗನ ಹಸಿರು ಚೂಡಿದಾರ ಹಾಕಿಕೊಂಡು ಕವಿತಳ ಸೆರಗಿನ ಹಿಂದೆ ನಿಂತಿದ್ದಳು.

ಪೂಜಾರಿ ಶಿವಯ್ಯ ಮರಿಗೆ ಅರಿಶಿನ ಕುಂಕುಮ ಇಟ್ಟು, ಬೇವಿನ ಸೊಪ್ಪಿನ ಹಾರ ಹಾಕಿ, ತಲೆಯ ಮೇಲೂ ಬೆನ್ನ ಮೇಲೂ ತೀರ್ಥ ಚಿಮುಕಿಸಿದ. ಆಗ ಮರಿ ಮೈ ಒದರಬೇಕು, ನೆನೆದ ನಾಯಿ ಕೊಡವಿಕೊಳ್ಳುವ ಹಾಗೆ. ಒದರಿದರೆ ಅಮ್ಮ ಒಪ್ಪಿದಳು ಎಂದು. ಒದರುವವರೆಗೆ ಕತ್ತಿ ಎತ್ತುವ ಹಾಗಿಲ್ಲ.

ಒದರಲಿಲ್ಲ. ತನ್ನ ಕೊರಳಿನ ಹಾರವನ್ನು ತಾನೇ ಎಳೆದು ಮೇಯುತ್ತ ನಿಂತಿತು.

ಇನ್ನೊಮ್ಮೆ ಚಿಮುಕಿಸಿದ. ಮತ್ತೊಂದು ಸಲ ಚೊಂಬಿನಲ್ಲೇ ಹೊಯ್ದ. ಮರಿ ಕಣ್ಣು ಪಿಳುಕಿಸಿತು, ಅಷ್ಟೇ. ಹಿಂದೆ ಹುಣಸೆಮರದ ಕೆಳಗೆ ಬಾಟಲಿ ಇಟ್ಟುಕೊಂಡು ಕೂತಿದ್ದವರಲ್ಲಿ ಯಾರೋ, "ಬೇಗ ಒದ್ರಪ್ಪಾ, ಒಟ್ಟೆ ಚುರ್ ಅಂತದೆ" ಎಂದ. ಜನ ನಕ್ಕರು. ನಗು ಮುಗಿಯುತ್ತಲೇ ಗುಸುಗುಸು ಹತ್ತಿತು.

"ಅಮ್ಮ ಮುನ್ಸ್ಕಂಡವ್ಳೆ."

"ಮನೇರ್ಗೆ ಒಮ್ಮನ್ಸಿಲ್ಲ ಕಣ್ರಪ್ಪ."

ಚಿಕ್ಕಣ್ಣ ನನ್ನ ಪಕ್ಕೆ ತಿವಿದು, "ಲೇ, ಕಿವೀಗ್ ಒಸಿ ನೀರ್ ಬುಡ್ಲಾ" ಎಂದ. ಇದು ಎಲ್ಲರಿಗೂ ಗೊತ್ತಿರುವ ಉಪಾಯ. ಕಿವಿಗೆ ನೀರು ಹೋದರೆ ಎಂಥ ಮರಿಯೂ ಒದರುತ್ತದೆ. ನಾನು ಚೊಂಬು ತೆಗೆದುಕೊಂಡು ಮುಂದೆ ಹೋದೆ.

ಅಷ್ಟರಲ್ಲಿ ಅತ್ತಿಗೆಯ ದನಿ. "ಮರಿ ಏನ್ ಮಾಡ್ತದೆ? ತಪ್ ಮಾಡ್ದೋಳ್ನ ಇಲ್ ನಿಲ್ಸಿ. ಅವ್ಳೇ ಬಾಯ್ಬುಟ್ಟು ಏಳ್ಲಿ."

ಹೆಂಗಸರು ಗಗನಳನ್ನು ಮುಂದಕ್ಕೆ ತಳ್ಳಿದರು. ಕವಿತ ಅವಳ ಚುನ್ನಿ ಹಿಡಿದುಕೊಂಡಳು, ಚುನ್ನಿ ಮಾತ್ರ ಕೈಯಲ್ಲಿ ಉಳಿಯಿತು. ಶಿವಯ್ಯ ಕೆಟ್ಟವನಲ್ಲ. ಮೆತ್ತಗೇ ಹೇಳಿದ. "ಎದ್ರಬ್ಯಾಡ ಕಣವ್ವ. ಏನ್ ಮಾಡ್ಕಂಡೆ, ಯಾಕ್ ಮಾಡ್ಕಂಡೆ, ತಾಯಿ ಮುಂದ್ ಏಳ್ಬುಡು. ಇನ್ ಮಾಡಕಿಲ್ಲ ಅಂತ ತಪ್ ಕಾಣ್ಕೆ ಆಕು. ಮರಿ ಒದರ್ತದೆ."

ಗಗನ ಮರಿಯನ್ನೇ ನೋಡುತ್ತ ನಿಂತಳು.

"ಬಾಯ್ ಬರ್ದಿದ್ರೆ ಕೈನಾದ್ರೂ ತೋರ್ಸಮ್ಮಿ ಅಮ್ಮಂಗೆ" ಎಂದು ಅತ್ತಿಗೆ ಅವಳ ತೋಳಿನ ಗುಂಡಿ ಬಿಚ್ಚಿ, ಕೈಯನ್ನು ಮೇಲಕ್ಕೆ ಎತ್ತಿ ಹಿಡಿದರು.

ಹಿಂದಿನವರು ತುದಿಗಾಲಲ್ಲಿ ನಿಂತರು. ಒಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ. ಯಾರದೋ ಫೋನು ಮೇಲೆ ಬಂತು. ಗಗನ ನನ್ನನ್ನು ನೋಡಿದಳು. ಅವರಮ್ಮನನ್ನಲ್ಲ, ನನ್ನನ್ನು. ನನ್ನ ಮುಖ ಆಗ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ನೋಡುತ್ತಿದ್ದದ್ದು ಬಾಯಿಗಳನ್ನು. ಎಲೆಅಡಿಕೆಯ ಹಲ್ಲು, ಸಾರಾಯಿಯ ತುಟಿ, ಅರ್ಧ ತೆರೆದುಕೊಂಡು ಕಾಯುತ್ತಿದ್ದ ಬಾಯಿಗಳು. ಈ ಬಾಯಿಗಳಿಗೇ ನಾನು ಇಷ್ಟು ವರ್ಷ ಬಡಿಸಿದ್ದು, ಇನ್ನೊಂದು ಮುದ್ದೆ, ಇನ್ನೊಂದು ಚೂರು ಎಂದು ಬೇಡಿ ಬೇಡಿ ಬಡಿಸಿದ್ದು. ಆಸ್ಪತ್ರೆಯಲ್ಲಿ ಬಂದಿತ್ತಲ್ಲ, ಅದೇ ವಾಕರಿಕೆ ಗಂಟಲಿಗೆ ಬಂತು.

"ಕೈ ಬುಡಿ ಅತ್ತಿಗೆ" ಎಂದೆ.

"ಅಮ್ಮನ್ ಮುಂದೆ..."

"ಅಮ್ಮಂಗೆ ಕಣ್ಣವೆ. ಕೈ ಬುಡಿ."

ಬಿಡಲಿಲ್ಲ. ನಾನು ಹೋಗಿ ನೀರಿನ ಕೊಳಗ ಎತ್ತಿಕೊಂಡು ಒಲೆಗೆ ಹೊಯ್ದೆ. ಒಂದಕ್ಕೆ, ಪಕ್ಕದ್ದಕ್ಕೆ, ಅದರಾಚೆಯದಕ್ಕೆ. ಬೂದಿ ಎದ್ದಿತು, ಹೊಗೆ ಎದ್ದಿತು, ಮುಂದೆ ನಿಂತಿದ್ದವರು ಕೆಮ್ಮುತ್ತ ಹಿಂದೆ ಸರಿದರು. ಉರಿಯುವ ಒಲೆಗೆ ಬಾಡೂಟದ ಮನೆಯವನೇ ನೀರು ಹೊಯ್ದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಾರರು. ನಾನೂ ಕಂಡಿರಲಿಲ್ಲ.

"ಇವತ್ತು ಊಟ ಇಲ್ಲ. ಎಲ್ರೂ ಓಗಿ" ಎಂದೆ.

"ಲೇ! ಮಾನ ಕಳೀಬ್ಯಾಡ ಕಣ್ಲಾ!" ಚಿಕ್ಕಣ್ಣ ನನ್ನ ಅಂಗಿ ಹಿಡಿದ. "ನೆಂಟ್ರು ಅಸ್ಕಂಡವ್ರೆ!"

"ಅಸ್ಕಂಡಿರ್ಲಿ ಬುಡು."

ಹರಕೆಯ ಮರಿಯನ್ನು ಅಲ್ಲೇ ಬಿಟ್ಟರೆ ಕಡಿಯುತ್ತಾರೆ. ಹಗ್ಗ ಬಿಚ್ಚಿ ಟೆಂಪೋದ ಹಿಂದೆ ಪಾತ್ರೆಗಳ ನಡುವೆ ಎತ್ತಿಹಾಕಿದೆ. ಮುಂದೆ ನಾವು ಮೂವರು ಕೂತೆವು. ಮಳವಳ್ಳಿ ದಾಟಿದೆವು. ಮದ್ದೂರಿನ ರಸ್ತೆ ಹಿಡಿದು ಸ್ವಲ್ಪ ದೂರ ಹೋದ ಮೇಲೆ ಹಿಂದೆ ಕೊಳಗ, ತಟ್ಟೆ, ಸೌಟುಗಳೆಲ್ಲ ಒಂದೇ ಸಲ ಗಡಗಡ ಎಂದವು.

ಗಗನ ಹಿಂದಿನ ಕಿಂಡಿಯಿಂದ ಇಣುಕಿದಳು. "ಅಪ್ಪ, ಒದರ್ತು."

ಕವಿತ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಆಮೇಲೆ ಅದು ಅಳುವಾಯಿತು.

ಡಿಸೆಂಬರ್ 15, ಭಾನುವಾರ

ಅಣ್ಣ ಫೋನು ಎತ್ತುತ್ತಿಲ್ಲ. ಜನವರಿಯ ಎರಡು ಆರ್ಡರು ಹೋದವು. ಒಲೆ ಆರಿಸಿದವನ ಕೈಯಿಂದ ಅಡುಗೆ ಬೇಡವಂತೆ. ಹರಕೆಯ ಮರಿಯನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಹಿತ್ತಿಲೆಲ್ಲ ಹಿಕ್ಕೆ, ಗಬ್ಬು. ಪಕ್ಕದ ಮನೆಯವರ ಒಣಹಾಕಿದ ನೈಟಿ ತಿಂದಿದೆ.

ಇಷ್ಟಾದರೂ ನಾನೊಂದು ದೊಡ್ಡ ಕೆಲಸ ಮಾಡಿದೆ ಎಂದುಕೊಂಡಿದ್ದೆ. ಗಗನ ಮಾತಾಡುತ್ತಾಳೆ, ಒಂದು ಒಳ್ಳೆಯ ಮಾತು ಹೇಳುತ್ತಾಳೆ ಎಂದು ಕಾದಿದ್ದೆ. ಇವತ್ತು ನಾನೇ ಹೋಗಿ, "ಇನ್ಮೇಲೆ ಯಾರೂ ಬರಲ್ಲ ಬುಡು ಮಗ" ಎಂದೆ.

"ನೀನೇ ಕರ್ಸಿದ್ದಲ್ವಾ ಅವ್ರ್ನೆಲ್ಲ" ಎಂದಳು.

ಬೆಳಗಿನಿಂದ ಬಾಯಿ ಕಹಿ.

ಡಿಸೆಂಬರ್ 24, ಮಂಗಳವಾರ

ಮದ್ದೂರಿನ ಮೆಡಿಕಲ್ ಸ್ಟೋರಿನವನು ಕೊಟ್ಟ ಅಂಟುಪಟ್ಟಿ ಶುದ್ಧ ಮೋಸ. ನೀರು ಸೋಕಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಎರಡು ಸಲ ಸುತ್ತಿದೆ, ನಿಲ್ಲಲಿಲ್ಲ. ಕೊನೆಗೆ ನನ್ನ ಹಳೇ ಪಂಚೆ ಹರಿದು, ಕುದಿಸಿ, ಇಸ್ತ್ರಿ ಮಾಡಿ ಕಟ್ಟಿದೆ. ಅದು ನಿಂತಿತು.

ಗಗನ ಮತ್ತೆ ಮಾಡಿಕೊಂಡಳು. ಕವಿತ ತನ್ನ ತಾಯಿಗೆ ಹುಷಾರಿಲ್ಲವೆಂದು ಸೋಮನಹಳ್ಳಿಗೆ ಹೋಗಿದ್ದಳು. ಹಿತ್ತಿಲು ಗುಡಿಸಿ ಒಳಗೆ ಬಂದಾಗ ನೋಡಿದೆ. ದೊಡ್ಡದಲ್ಲ. ನಲ್ಲಿಯ ಕೆಳಗೆ ಹಿಡಿದು ತೊಳೆದೆ. ನೀರು ತಣ್ಣಗಿತ್ತು, ಕೈ ಎಳೆದುಕೊಂಡಳು, ಅಲ್ಲಾಡಬೇಡ ಎಂದು ಗದರಿದೆ. ಎಷ್ಟು ಸಣ್ಣಗಾಗಿದ್ದಾಳೆ, ನನ್ನ ಹೆಬ್ಬೆರಳು ಕಿರುಬೆರಳು ಕೂಡುವಷ್ಟು. ಮೊಣಕೈಯ ಒಳಗಡೆ ನಮ್ಮವ್ವನಿಗಿದ್ದಂಥದೇ ಒಂದು ಮಚ್ಚೆ ಇದೆ. ಕವಿತ ಯಾವತ್ತೂ ಹೇಳಿರಲಿಲ್ಲ.

ವನಜಾ ಮೇಡಂಗೆ ಫೋನು ಮಾಡಿದೆ. ನಾಡಿದ್ದು ತಪ್ಪದೆ ಕರೆತನ್ನಿ, ಅಲ್ಲಿವರೆಗೆ ಒಬ್ಬಳನ್ನೇ ಬಿಡಬೇಡಿ ಎಂದರು. ಇದು ಒಮ್ಮೆಗೇ ನಿಂತುಬಿಡುವಂಥದ್ದಲ್ಲ, ಮರಳಿ ಬರಬಹುದು ಎಂದು ಮೊದಲೇ ಹೇಳಿದ್ದೆನಲ್ಲ ಎಂದರು. ಹೇಳಿದ್ದರೇನೋ.

ಯಾಕೆ ಹೇಳಲಿಲ್ಲ ಮಗ ಎಂದು ಕೇಳಿದೆ.

"ಅಮ್ಮ ಇರ್ಲಿಲ್ಲ" ಎಂದಳು.

ನಾನಿದ್ದೆ. ಕೂಗಿದರೆ ಕೇಳುವಷ್ಟು ಹತ್ತಿರ, ಪೊರಕೆ ಹಿಡಿದುಕೊಂಡು, ಕುರಿಯ ಹಿಕ್ಕೆಗೆ ಮೂಗು ಮುಚ್ಚಿಕೊಂಡು ನಿಂತಿದ್ದೆ.

ಜನವರಿ 3, ಶುಕ್ರವಾರ

ಮಸಾಲೆ ಅಂಗಡಿಯ ಹೊಸ ಡೈರಿ ಬಂತು. ಅತ್ತಿಗೆಯೂ ಬಂದಿದ್ದರು. ಒಲೆಯ ವಿಷಯ ಮರೆತಿದ್ದಾರಂತೆ, ದೊಡ್ಡ ಮನಸ್ಸು. ಕೀಲಾರದ ಕಡೆ ಒಂದು ಗಂಡು ಇದೆಯಂತೆ. "ಪರೀಕ್ಸೆ ಮುಗೀಲಿ, ಅದ್ನೆಂಟ್ ತುಂಬ್ತದೆ, ಮಾಡ್ಬುಡಿ. ಉದ್ದ ತೋಳಿನ್ ರವ್ಕೆ ಆಕುದ್ರೆ ಏನೂ ಕಾಣಕಿಲ್ಲ. ಒಂದ್ ಕೂಸಾದ್ರೆ ಎಲ್ಲಾ ಮರ್ತೋಯ್ತದೆ."

"ಕಾಪಿ ಮುಗೀತಾ ಅತ್ತಿಗೆ?" ಎಂದೆ.

"ಇನ್ನೂ ಅದೆ."

"ಬಸ್ ಬಂತು, ಏಳಿ."

ಲೋಟ ಕಿತ್ತುಕೊಂಡೆ. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು. ಬೀದಿಯ ತುದಿಯಲ್ಲಿ ಅವರು ಬಿಸಿಲಲ್ಲಿ ನಿಂತು ನನ್ನನ್ನು ಬೈಯುತ್ತಿದ್ದದ್ದು ಇಲ್ಲಿಗೇ ಕೇಳುತ್ತಿತ್ತು. ಚೆನ್ನಾಗಿ ಬೈಯುತ್ತಾರೆ.

ಜನವರಿ 8, ಬುಧವಾರ

ಸಂಕ್ರಾಂತಿ ಮುಗಿದ ಮೇಲೆ ಒಂದು ಊಟ ಮಾಡಿಕೊಡಿ ಎಂದು ವೈದ್ಯನಾಥಪುರದವನೊಬ್ಬ ಫೋನು ಮಾಡಿದ್ದ. ಕೆಲಸ ಕೊಡುವವನು ಕೆಲಸ ಕೊಟ್ಟು ಸುಮ್ಮನಿರಬೇಕಲ್ಲ. "ಸ್ವಾಮಣ್ಣ, ನಮ್ ಒಲೆಗೆ ನೀರ್ ಉಯ್ಯಕಿಲ್ಲ ತಾನೆ?" ಎಂದು ಕ್ಯಾಕ್ಕೆಂದು ನಕ್ಕ. ಜೊತೆಯಲ್ಲಿದ್ದವರೂ ನಕ್ಕರು, ಫೋನನ್ನು ಜೋರು ಮಾಡಿ ಇಟ್ಟಿದ್ದ ಅಂತ ಕಾಣುತ್ತದೆ. ಇಂಥವರ ಮನೆಯ ಎಲೆ ಎತ್ತುವುದನ್ನು ನೆನೆದರೇ ಮೈ ಉರಿಯುತ್ತದೆ. ಬರೀ ನಗುವಾಗಿದ್ದರೆ ಸಹಿಸುತ್ತಿದ್ದೆ, ಆಮೇಲೆ ಅವನು "ಮಗಳು ಎಂಗವ್ಳೆ" ಎಂದು ಕೇಳಿದ ದನಿ ಇದೆಯಲ್ಲ, ಅದು

ಗಗನ ಬಾಗಿಲಲ್ಲಿ ಬಂದು ನಿಂತಿದ್ದಾಳೆ. ಏನೋ ಬೇಕಿರಬೇಕು. ಇದಿಷ್ಟು ಬರೆದು ಕೇಳೋಣವೆಂದುಕೊಂಡೆ.

ಹೋಗುತ್ತಿಲ್ಲ.

ಜನವರಿ 9, ಗುರುವಾರ

ನಿನ್ನೆ ಕವಿತ ಸೋಮನಹಳ್ಳಿಯಲ್ಲಿದ್ದಳು. ಸಂಜೆಯ ಬಸ್ಸಿಗೆ ಬರುವವಳು.

"ಅಪ್ಪ, ಇವತ್ತು ಆಯ್ತಾ ಇಲ್ಲ" ಎಂದಳು ಗಗನ.

"ಏನ್ ಆಯ್ತಾ ಇಲ್ಲ?"

ಬಲಗೈಯಿಂದ ಎಡತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆಗ ತಿಳಿಯಿತು. ವನಜಾ ಮೇಡಂ ಹೇಳಿಕೊಟ್ಟದ್ದು ಎಷ್ಟೊಂದಿತ್ತು, ಹಾಗೆ ಕೇಳಿ, ಹೀಗೆ ಹೇಳಿ ಎಂದು. ಒಂದೂ ನೆನಪಿಗೆ ಬರಲಿಲ್ಲ. ಬೆಳಿಗ್ಗೆ ಮಾರ್ಕೆಟ್ಟಿನಿಂದ ಸೊನೆ ಅವರೆ ತಂದು, ಸುಲಿದು, ಕಾಳು ನೆನೆಹಾಕಿದ್ದೆ.

"ಬಾ, ಅವರೆಕಾಳ್ ಇತುಕಾಣ" ಎಂದೆ.

ಬೇಸಿನ್ ನಡುವೆ ಇಟ್ಟುಕೊಂಡು ಕೂತೆವು. ನೀರು ತಾಗುತ್ತದೆಂದು ಅವಳು ಚೂಡಿದಾರದ ತೋಳು ಮಡಚಿಕೊಂಡಳು. ಗಾಯ ಮಾಯ್ದಿದೆ, ಹೊಸ ಚರ್ಮ ಒಂಚೂರು ಬಿಗಿದಿದೆ. ಕೊಬ್ಬರಿ ಎಣ್ಣೆ ಹಚ್ಚು ಎಂದೆ, ಹ್ಞೂಂ ಎಂದಳು. ಹಿತುಕುವ ಕೆಲಸ ಎಂಥದೆಂದರೆ, ಕೈಗೆ ಬೇರೇನೂ ಮಾಡಲಾಗುವುದಿಲ್ಲ. ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ಅಮುಕಿದರೆ ಬೇಳೆ ಚಿಮ್ಮಿ ಬೇಸಿನ್ನಿಗೆ ಬೀಳಬೇಕು, ಸಿಪ್ಪೆ ಬೆರಳಲ್ಲಿ ಉಳಿಯಬೇಕು. ಅವಳದು ಒಂದು ನನ್ನ ಮೀಸೆಗೆ ಬಡಿಯಿತು, ಒಂದು ಟಿವಿಗೆ. ಬಹಳ ಹೊತ್ತು ಹಿತುಕಿದೆವು. ಅವಳ ಉಸಿರು ಜೋರಾಗಿತ್ತು, ಆಮೇಲೆ ಅಷ್ಟು ಜೋರಿರಲಿಲ್ಲ.

"ಅಪ್ಪ, ನಂಗೆ ನನ್ನ ಕಂಡ್ರೇ ಒಂಥರಾ ಹೇಸ್ಗೆ ಆಯ್ತದೆ. ಯಾಕೆ ಅಂತ ಗೊತ್ತಾಗಲ್ಲ. ಸುಮ್ನೆ ಇದ್ದಂಗೇ ಬತ್ತದೆ."

"ನಂಗೂ ಬತ್ತದೆ ಹೇಸ್ಗೆ."

ಕೈ ನಿಲ್ಲಿಸಿದಳು. "ನನ್ನ ಕಂಡಾ?"

ಇಲ್ಲ ಅನ್ನಬೇಕಿತ್ತೇನೋ. "ಮೊದ್ಲು ಬಂದಿತ್ತು ಕಣ್ ಮಗ" ಎಂದೆ.

"ಈಗ?"

"ಈಗ ನಿಮ್ ದೊಡ್ಡಮ್ಮನ್ ಕಂಡ್ರೆ."

ಮೊದಲು ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಗಾಬರಿಯಾದೆ. ನಗುತ್ತಿದ್ದಳು. ಸಿಪ್ಪೆಯ ಕೈಯಲ್ಲೇ ಮೂಗು ಒರೆಸಿಕೊಂಡಳು, ಮೂಗಿನ ಮೇಲೆ ಹಸಿರು ಸಿಪ್ಪೆ ಅಂಟಿತು. ಅದನ್ನು ತೆಗೆದುಹಾಕಿದೆ. ಈಗ ಹೇಗಿದೆ ಎಂದು ಕೇಳಿದೆ. "ಅದೆ. ಒಸಿ ಕಮ್ಮಿ" ಎಂದಳು. ಸರಿ, ಇನ್ನಷ್ಟು ಹಿತುಕೋಣ ಎಂದೆ. ನೆನೆಹಾಕಿದ್ದೆಲ್ಲ ಮುಗಿಯಿತು.

ಕವಿತ ಬಂದು ಬೇಸಿನ್ ನೋಡಿ ಬಾಯಿ ಬಾಯಿ ಬಿಟ್ಟಳು. "ಇದೇನ್ರೀ ಇಷ್ಟೊಂದು! ಯಾರ್ ತಿನ್ನೋರು?"

ಗಗನ ನನ್ನನ್ನು ನೋಡಿದಳು, ನಾನು ಗಗನಳನ್ನು ನೋಡಿದೆ. ಅವಳೇ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಹೇಳಿದಳು. ಬಾಗಿಲ ಹಿಂದೆ ಇಬ್ಬರೂ ಬಹಳ ಹೊತ್ತು ಇದ್ದರು. ನಾನು ಸಾರಿಗೆ ಇಟ್ಟೆ.

ಇವತ್ತು ಬೆಳಿಗ್ಗೆ ಉಪ್ಪಿಟ್ಟಿಗೂ ಅದೇ ಬೇಳೆ, ಮಧ್ಯಾಹ್ನ ಸಾರಿಗೂ ಅದೇ ಬೇಳೆ. ಇದನ್ನು ಬರೆಯುತ್ತಿದ್ದಾಗ ಗಗನ ತಟ್ಟೆ ತೊಳೆದಿಟ್ಟು ಈ ಕಡೆ ಬಂದಳು.

"ಅಪ್ಪ, ಅಮ್ಮ ನಾಳೆನೂ ಅಜ್ಜಿ ಮನೆಗೆ ಓಯ್ತದಂತೆ. ನೀನೂ ಎಲ್ಲಾದ್ರೂ ಓಯ್ತೀಯಾ?"

"ಎಲ್ಲಿಗ್ ಓಗ್ಲಿ? ಇಷ್ಟ್ ಬೇಳೆ ಯಾರ್ ತಿಂದು ಮುಗ್ಸೋರು?" ಎಂದೆ.